ಲಾಂಗ್ ಬೆಲ್ಲಿನ ಹಾಡು

ಕಳೆದ ಜನವರಿಯ ಒಂದು ಶನಿವಾರ ರಾತ್ರಿ ಸೋದರಮಾವನನ್ನು ಕಬಡ್ಡಿ ನೋಡಲು ಕರೆದುಕೊಂಡು ಹೋಗಿದ್ದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಕೊಯ್ಲು ಮುಗಿದ ಗದ್ದೆಯಲ್ಲಿ ಹೊನಲು ಬೆಳಕಿನ ಪಂದ್ಯಾಟ. ಮಾವನಿಗೆ ಎಪ್ಪತ್ತನಾಲ್ಕು ವರ್ಷ. ಮ್ಯಾಟ್ ಎಂಬುದು ಈ ಕಡೆಗೆ ಬರುವುದಕ್ಕೆ ಎಷ್ಟೋ ಮೊದಲು ಮಣ್ಣಿನ ಅಂಕಣದಲ್ಲಿ ಹತ್ತು ಹನ್ನೆರಡು ವರ್ಷ ಆಡಿದವರು. ಬಲಮೊಣಕಾಲನ್ನು ಅಲ್ಲಿಯೇ ಕೊಟ್ಟು ಬಂದವರು. ಉದ್ಘಾಟಕರು ಒಂದೂವರೆ ಗಂಟೆ ತಡವಾಗಿ ಬಂದರು, ಅದು ವಾಡಿಕೆ. ದೀಪ ಬೆಳಗಿಸಿದ್ದಾಯಿತು, ಶಾಲು ಹೊದೆಸಿದ್ದಾಯಿತು. ಮೈಕ್ ಹಿಡಿದವರು ಮೊದಲು ಕನ್ನಡದಲ್ಲಿ, ಆಮೇಲೆ ಮಲಯಾಳದಲ್ಲಿ, ಕೊನೆಗೆ ತಮಾಷೆ ಸೇರಿಸಿ ತುಳುವಿನಲ್ಲಿ, "ಈಗ ರಾಷ್ಟ್ರಗೀತೆ, ಎಲ್ಲರೂ ಎದ್ದು ನಿಲ್ಲಬೇಕು" ಎಂದರು. ಮಾವ ನನ್ನ ಹೆಗಲು ಹಿಡಿದು, ಪ್ಲಾಸ್ಟಿಕ್ ಕುರ್ಚಿಯ ಕೈ ಒತ್ತಿ, ಒಂದು ಉಸಿರು ಬಿಟ್ಟು ಎದ್ದರು.

ಹಾಡು ಬಂದದ್ದು ಯಾರದೋ ಮೊಬೈಲಿನಿಂದ. "ಪಂಜಾಬ ಸಿಂಧು" ಎನ್ನುವಷ್ಟರಲ್ಲಿ ಆ ಮೊಬೈಲಿಗೆ ಕರೆ ಬಂತು. ರಾಷ್ಟ್ರಗೀತೆ ನಿಂತು, ನಾಲ್ಕು ಕಂಬದ ಎಂಟು ಸ್ಪೀಕರ್‌ಗಳಲ್ಲಿ ಒಂದು ಸಿನಿಮಾ ಹಾಡಿನ ರಿಂಗ್‌ಟೋನ್ ಹೊರಟಿತು. ಗದ್ದೆ ತುಂಬ ಜನ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದಾರೆ, ರಿಂಗ್‌ಟೋನ್ ಹಾಡುತ್ತಿದೆ. ಕೂರಬೇಕೋ ನಿಲ್ಲಬೇಕೋ ಯಾರಿಗೂ ತಿಳಿಯಲಿಲ್ಲ. ಅರ್ಧ ಜನ ಕೂತರು, ಮಾವನೂ ಕೂತರು. "ದಯವಿಟ್ಟು ಹಾಗೆಯೇ ನಿಂತಿರಿ, ತಾಂತ್ರಿಕ ಅಡಚಣೆ" ಎಂದು ಮೈಕ್ ಹೇಳುವಾಗ ಹೊತ್ತು ಮೀರಿತ್ತು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಮಾವನಿಗೆ ಏಳಲು ಆಗಲಿಲ್ಲ. ಎರಡು ಸಲ ಪ್ರಯತ್ನಿಸಿ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಹಾಡತೊಡಗಿದರು. ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ತಿರುಗಿ, "ಅಜ್ಜ, ಎದ್ದು ನಿಲ್ಲಿ" ಎಂದ. ಸಣ್ಣ ದನಿಯಲ್ಲಲ್ಲ. ನಾನು ಮೊಣಕಾಲು ತೋರಿಸಿದೆ. ಅವನು ಹಾಡು ಮುಗಿಯುವ ತನಕ ತಿರುಗಿಯೇ ಇದ್ದ.

ಎಲ್ಲರೂ ಕೂತ ಮೇಲೆ ಮಾವ ಕೇಳಿದರು: "ಅವನು ಹಾಡಿದನಾ?"

"ಇಲ್ಲ ಮಾವ, ನಿಮ್ಮನ್ನೇ ನೋಡುತ್ತಿದ್ದ."

"ಸರಿ ಹಾಗಾದರೆ. ನಾನು ಹಾಡಿದೆ, ಅವನು ನಿಂತ. ಇಬ್ಬರದ್ದೂ ಸೇರಿ ಒಂದು ಆಯಿತು."

ಮಾವನಿಗೆ ಅದು ಅಲ್ಲಿಗೆ ಮುಗಿಯಿತು. ಮೊದಲ ದಾಳಿಗಾರ ಅಂಕಣ ಮುಟ್ಟಿ ಕಣ್ಣಿಗೊತ್ತಿಕೊಂಡು ಗೆರೆ ದಾಟುವಾಗಲೇ ಅವರು ಎದುರು ತಂಡದ ಮೂಲೆಯವನ ಕಾಲಿನ ಬಗ್ಗೆ ಮಾತನಾಡುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಅದು ತಿಂಗಳುಗಟ್ಟಲೆ ಉಳಿಯಿತು. ಹುಡುಗನ ಮೇಲಿನ ಸಿಟ್ಟು ಎರಡು ದಿನಕ್ಕೆ ಇಳಿಯಿತು. ಉಳಿದದ್ದು ಬೇರೆಯೇ ಒಂದು ಸಂಗತಿ. ಹಾಡಿನ ಮೊದಲ ಸ್ವರ ಕಿವಿಗೆ ಬಿದ್ದ ಕೂಡಲೇ ನನ್ನ ಎಡಗೈ ತನ್ನಷ್ಟಕ್ಕೆ ಕುರ್ಚಿಯ ಪಕ್ಕದಲ್ಲಿ ಏನನ್ನೋ ತಡಕಾಡಿತ್ತು. ಏನನ್ನು ಹುಡುಕುತ್ತಿತ್ತೆಂದು ಮನೆಗೆ ಬಂದು ಮಲಗಿದ ಮೇಲೆ ಹೊಳೆಯಿತು. ಶಾಲೆಯ ಚೀಲವನ್ನು.

ಗಡಿಯಾಚೆಯ ಕನ್ನಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಬೆಳಗಿನ ಸಾಲಿನಲ್ಲಿ ನಾಡಗೀತೆಯ ಜೊತೆಗೆ ಬರುವ ಹಾಡು ನಮ್ಮ ಕೇರಳದ ಶಾಲೆಗಳಲ್ಲಿ ಸಂಜೆಯ ಹಾಡು. ಕೊನೆಯ ಪಿರಿಯಡ್ ಮುಗಿಯುತ್ತಿದ್ದಂತೆ ಎಲ್ಲರೂ ತಮ್ಮ ತಮ್ಮ ತರಗತಿಯಲ್ಲೇ ಎದ್ದು ನಿಂತು ಜನಗಣಮನ ಹಾಡುತ್ತಾರೆ, ಆಮೇಲೆ ಶಾಲೆ ಬಿಡುವ ಲಾಂಗ್ ಬೆಲ್. ಗೃಹ ಸಚಿವಾಲಯದ ಆದೇಶದಲ್ಲಿ ಶಾಲೆಯ ದಿನ ರಾಷ್ಟ್ರಗೀತೆಯ ಸಾಮೂಹಿಕ ಗಾಯನದಿಂದ ಆರಂಭವಾಗಬಹುದು ಎಂದಿದೆ. ನಮ್ಮ ದಿನ ಅದರಿಂದಲೇ ಮುಗಿಯುತ್ತಿತ್ತು. "ಜನಗಣಮನ" ಎನ್ನುವಾಗ ಪುಸ್ತಕ ಚೀಲದೊಳಗೆ, "ವಿಂಧ್ಯ ಹಿಮಾಚಲ" ಬರುವಾಗ ಚೀಲದ ಪಟ್ಟಿ ಬೆರಳಿಗೆ, ಮೂರನೆಯ "ಜಯ ಹೇ" ಬರುವಾಗ ಒಂದು ಕಾಲು ಬೆಂಚಿನಿಂದ ಹೊರಗೆ. ಕೊನೆಯ "ಜಯ ಹೇ" ಹಾಡಿನ ಭಾಗವಾಗಿರಲಿಲ್ಲ, ಓಟದ ಭಾಗವಾಗಿತ್ತು. ಅಗೌರವವೆಂದು ಬೈಸಿಕೊಂಡದ್ದುಂಟು, ಬೆತ್ತದ ರುಚಿ ಕಂಡದ್ದೂ ಉಂಟು. ಆದರೆ ಆ ಹಾಡಿಗಾಗಿ ಅಷ್ಟು ಆಸೆಯಿಂದ ಕಾದವರು ದೇಶದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನನಗೆ ಅನುಮಾನ.

ಮೈಕಿನಲ್ಲಿ ನನ್ನ ನಂಬರು

ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ ನಾನು ಏಳನೆಯ ತರಗತಿಯಲ್ಲಿದ್ದಾಗ ಉಪಜಿಲ್ಲಾ ಕ್ರೀಡಾಕೂಟಕ್ಕೆ ಉದ್ದಜಿಗಿತದಲ್ಲಿ ಆಯ್ಕೆಯಾದೆ. ನಮ್ಮದು ಒಳಹಳ್ಳಿಯ ಕನ್ನಡ ಶಾಲೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ. ಮಲಯಾಳ ನನಗೆ ಬಸ್ಸಿನ ಬೋರ್ಡಿನಷ್ಟೇ ಗೊತ್ತಿತ್ತು. ಎದೆಗೆ ಪಿನ್ನು ಹಾಕಿ ಚುಚ್ಚಿದ ಬಟ್ಟೆಯ ಮೇಲೆ 127. ಬೆಳಿಗ್ಗೆಯಿಂದ ಮೈದಾನದ ಅಂಚಿನ ಗೇರುಮರದ ಕೆಳಗೆ ನನ್ನ ನಂಬರು ಕರೆಯುವುದನ್ನೇ ಕಾಯುತ್ತಾ ಕೂತಿದ್ದೆ. ಮೈಕಿನಲ್ಲಿ "ನೂಟ್ಟಿ ಇರುಪತ್ತೇಳ್" ಎಂದು ಮೂರು ಸಲ ಕರೆದರಂತೆ. ಅದು ನಾನೆಂದು ನನಗೆ ತಿಳಿಯಲಿಲ್ಲ. ಇಪ್ಪತ್ತು ಎಂಬ ಸದ್ದಿಗೆ ಕಾದಿದ್ದ ಕಿವಿಗೆ ಇರುಪತ್ತು ಹೊಳೆಯಲಿಲ್ಲ. ಡ್ರಿಲ್ ಮಾಷ್ಟ್ರು ಓಡಿ ಬಂದು ನನ್ನ ಕಿವಿ ಹಿಡಿದು ಎಬ್ಬಿಸುವಾಗ ಮರಳಿನ ಗುಂಡಿಯ ಹತ್ತಿರ ಬೇರೆ ಹುಡುಗರು ಜಿಗಿದು ಮುಗಿಸಿದ್ದರು.

ಈಗ ಹೇಳುವಾಗ ನಗು ಬರುತ್ತದೆ. ಅಂದು ನಾನು ಅದೇ ಗೇರುಮರದ ಹಿಂದೆ ನಿಂತು ಅತ್ತಿದ್ದೆ. ಗಡಿಯ ಕನ್ನಡಿಗನ ಅಳಲು ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ, ಇದೆಲ್ಲ ನನಗೆ ಆಮೇಲೆ ಪುಸ್ತಕದಿಂದ ಬಂದದ್ದು. ನನ್ನ ಪಾಲಿಗೆ ಅದು ಮೈಕಿನಲ್ಲಿ ಕರೆದ ನನ್ನದೇ ನಂಬರು ನನಗೆ ಅರ್ಥವಾಗದೆ ಹೋದದ್ದು.

ಸಂಜೆ ಸಮಾರೋಪ. ತುಲಾಮಾಸದ ಮೋಡ ಕಟ್ಟಿ, ಬಹುಮಾನ ಹಂಚುವಾಗಲೇ ಗುಡುಗು ಶುರುವಾಗಿ ಕರೆಂಟು ಹೋಯಿತು. ಮೈಕ್ ಸತ್ತಿತು. ಯಾರೋ ಮಾಷ್ಟ್ರು ಬಾಯಲ್ಲೇ "ಅಟೆನ್ಷನ್" ಎಂದು ಕೂಗಿದರು. ಮೈದಾನದಲ್ಲಿ ಉಳಿದಿದ್ದ ಮಕ್ಕಳೆಲ್ಲ, ಕೆಸರು ಕಾಲಿನವರು, ಬಾಯಿಗೆ ಐಸ್‌ಕ್ಯಾಂಡಿ ಬಣ್ಣ ಹತ್ತಿದವರು, ಹಾಗೆಯೇ ನಿಂತು ಹಾಡಿದರು. ನನ್ನ ಎಡಕ್ಕೆ ಪೇಟೆಯ ಮಲಯಾಳ ಶಾಲೆಯ ಹುಡುಗ, ನಾನು ಜಿಗಿಯಬೇಕಾದ ಜಿಗಿತದಲ್ಲಿ ಎರಡನೆಯವನು. ನಾನು ಬೆಳಿಗ್ಗೆಯ ಸಿಟ್ಟನ್ನೆಲ್ಲ ಗಂಟಲಿಗೆ ತಂದು ಹಾಡುತ್ತಿದ್ದೆ. "ದ್ರಾವಿಡ ಉತ್ಕಲ ವಂಗ" ಎನ್ನುವಲ್ಲಿ ಅವನು "ಉಲ್ಕಲ ಬಂಗ" ಎಂದ. ನಾನು ತಡೆದೆ, ಅವನೂ ತಡೆದ. ಒಂದು ಕ್ಷಣ ಇಬ್ಬರೂ ಪರಸ್ಪರ ಮುಖ ನೋಡಿಕೊಂಡೆವು, ಇವನಿಗೆ ರಾಷ್ಟ್ರಗೀತೆಯೂ ಸರಿಯಾಗಿ ಬರುವುದಿಲ್ಲವಲ್ಲ ಎಂಬ ಒಂದೇ ಭಾವದಲ್ಲಿ. ಮತ್ತೆ "ವಿಂಧ್ಯ"ದಲ್ಲಿ ಒಟ್ಟಾದೆವು.

ಹಾಡು ಮುಗಿದದ್ದೇ ಜಗಳ. ಅವನಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು, ಆದರೂ ಜಗಳ ಚೆನ್ನಾಗಿಯೇ ನಡೆಯಿತು: ಉತ್ಕಲ, ಉಲ್ಕಲ, ಉತ್ಕಲ, ಉಲ್ಕಲ. (ಉತ್ಸವವನ್ನು ಉಲ್ಸವ ಎನ್ನುವವರು ಮಲಯಾಳಿಗಳು, ಅವರ ನಾಲಗೆಯಲ್ಲಿ ತಕಾರ ಕೆಲವು ವ್ಯಂಜನಗಳ ಮುಂದೆ ಲಕಾರವಾಗುತ್ತದೆ. ಇದು ತಿಳಿದದ್ದು ನಾನು ಕಾಲೇಜಿಗೆ ಹೋದ ಮೇಲೆ.) ನಮ್ಮ ಡ್ರಿಲ್ ಮಾಷ್ಟ್ರು ಸೈನ್ಯದಲ್ಲಿ ಇದ್ದು ಬಂದವರು, ಸಿಲಿಗುರಿಯ ಕಡೆ ಕೆಲಸ ಮಾಡಿದವರು. ಇಬ್ಬರ ತಲೆಗೂ ಒಂದೊಂದು ಮೊಟಕಿ, ಮೊದಲು ಮಲಯಾಳದಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು: "ಇಬ್ಬರೂ ತಪ್ಪು. ಬರೆದವರ ಊರಿನಲ್ಲಿ ಅದು ಜೊನೊ ಗೊನೊ ಮೊನೊ."

ನನಗೆ ಆ ಮಾತು ಕೊಟ್ಟಷ್ಟು ಸಮಾಧಾನವನ್ನು ಆಮೇಲೆ ಯಾವ ಹೋರಾಟದ ಭಾಷಣವೂ ಕೊಡಲಿಲ್ಲ. ಅಂದು ಇಡೀ ದಿನ ಆ ಮೈದಾನದಲ್ಲಿ ಭಾಷೆ ಅವನದಾಗಿತ್ತು. ಕರೆ ಅವನದು, ಅಂಕೆ ಅವನದು, ಪ್ರಮಾಣಪತ್ರ ಅವನದು. ಐವತ್ತೆರಡು ಸೆಕೆಂಡು ಮಾತ್ರ ಭಾಷೆ ಇಬ್ಬರದೂ ಆಗಿರಲಿಲ್ಲ. ಅವನಿಗೂ ಅರ್ಧ ಅರ್ಥವಾಗುತ್ತಿರಲಿಲ್ಲ, ನನಗೂ ಅರ್ಧ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಿಂದ ಇಬ್ಬರಿಗೂ ಬಂದ ಪದಗಳು ಅಲ್ಲಲ್ಲಿ ಕೈ ಹಿಡಿಯುತ್ತಿದ್ದವು, ಉಳಿದಲ್ಲಿ ಇಬ್ಬರೂ ಸಮಾನ ದಡ್ಡರು. ಗಡಿಯಲ್ಲಿ ಬೆಳೆದವನಿಗೆ ಈ ಸಮಾನ ದಡ್ಡತನ ಎಷ್ಟು ದೊಡ್ಡ ನ್ಯಾಯ ಎಂದು ನಡುನಾಡಿನವರಿಗೆ ಹೇಳಿ ತಿಳಿಸುವುದು ಕಷ್ಟ. ಆ ಹಾಡಿನಲ್ಲಿ ಕೇರಳವೂ ಇಲ್ಲ, ಕರ್ನಾಟಕವೂ ಇಲ್ಲ. ಇಬ್ಬರೂ ದ್ರಾವಿಡ ಎಂಬ ಒಂದೇ ಕೋಣೆಯಲ್ಲಿ ಇದ್ದೇವೆ. ಅದನ್ನು ಮೊದಲು ಹಾಡಿದ 1911ರ ಡಿಸೆಂಬರಿನಲ್ಲಿ ನಮ್ಮ ಊರು ಮದ್ರಾಸಿನ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಸಿಂಧ್ ದೇಶದಾಚೆಗೆ ಹೋದ ಮೇಲೂ ಹಾಡಿನಲ್ಲಿ ಉಳಿದಿದೆ. ಅದನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟಿಗೆ ಹೋದವರಿಗೆ 2005ರಲ್ಲಿ ಅರ್ಜಿ ವಜಾ ಆಯಿತು. ಗೆರೆ ಸರಿಯಿತೆಂದು ಹೆಸರು ಅಳಿಸಬೇಕಾಗಿಲ್ಲ ಎಂಬುದು ಕಾಸರಗೋಡಿನವನಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಮೊದಲೋ, ಕೊನೆಯೋ

ನಮ್ಮ ಗದ್ದೆಯ ಕಬಡ್ಡಿಗೆ ರಾಷ್ಟ್ರಗೀತೆ ಎಲ್ಲಿಂದ ಬಂತು ಎಂದು ಮಾವನನ್ನು ಕೇಳಿದೆ. "ಟಿವಿಯಿಂದ" ಎಂದರು, ಯೋಚಿಸದೆ. ಸರಿಯೇ ಇರಬೇಕು. ಅವರ ಕಾಲದಲ್ಲಿ ತೆಂಗಿನಕಾಯಿ ಒಡೆದು ಆಟ ಶುರು. 2014ರಲ್ಲಿ ಪ್ರೊ ಕಬಡ್ಡಿ ಬಂತು. ಮ್ಯಾಟ್, ಹೊಗೆ, ಬಣ್ಣದ ದೀಪ, ತಂಡಗಳು ಸಾಲಾಗಿ ನಿಂತು ರಾಷ್ಟ್ರಗೀತೆ, ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದವು. ನಮ್ಮವರು ಕಟ್ಟನ್ನು ಬಿಚ್ಚದೆ ಹಾಗೆಯೇ ಗದ್ದೆಗೆ ಇಳಿಸಿದರು. ಈಗ ಅಂಡರ್‌ಆರ್ಮ್ ಕ್ರಿಕೆಟ್ಟಿಗೂ ಇದೆ, ಹಗ್ಗಜಗ್ಗಾಟಕ್ಕೂ ಇದೆ.

ಆಟದ ಮೊದಲು ಹಾಡುವ ಪದ್ಧತಿಯ ಬೇರನ್ನು ಹುಡುಕಿದರೆ ಅದು ಎಲ್ಲೆಲ್ಲೋ ಹೋಗುತ್ತದೆ. 1905ರ ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ನ್ಯೂಜಿಲೆಂಡ್ ನಡುವೆ ರಗ್ಬಿ ಪಂದ್ಯ. ನ್ಯೂಜಿಲೆಂಡಿನವರು ತೊಡೆ ತಟ್ಟಿ ತಮ್ಮ ಹಾಕಾ ಕುಣಿದರು. ವೇಲ್ಸಿನವರು ಅದಕ್ಕೆ ಉತ್ತರವಾಗಿ ತಮ್ಮ ನಾಡಿನ ಹಾಡನ್ನು ಎತ್ತಿಕೊಂಡರು, ಮೈದಾನದ ಸುತ್ತ ನಿಂತ ಜನ ದನಿ ಸೇರಿಸಿದರು. ಇಂಗ್ಲಿಷಿನ ನೆರಳಿನಲ್ಲಿ ಬದುಕುತ್ತಿದ್ದ ಒಂದು ಸಣ್ಣ ಭಾಷೆಯ ಜನ ಅವರು. ಅವರಿಗೆ ಆ ಹಾಡು ಏನಾಗಿತ್ತೆಂದು ನನಗೆ ಊಹಿಸುವುದು ಸುಲಭ. ಅಮೆರಿಕದ್ದು ಬೇರೆ ಕತೆ: 1918ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧ ನಡೆಯುತ್ತಿರುವಾಗ, ಶಿಕಾಗೋದ ಬೇಸ್‌ಬಾಲ್ ಪಂದ್ಯದ ನಡುವೆ ವಾದ್ಯದವರು ನುಡಿಸಿದರು, ಜನರಿಗೆ ಹಿಡಿಸಿತು, ಉಳಿಯಿತು. ಆ ಹಾಡು ಅವರ ಅಧಿಕೃತ ರಾಷ್ಟ್ರಗೀತೆಯಾದದ್ದೇ 1931ರಲ್ಲಿ. ಎರಡು ಕಡೆಯೂ ಯಾರೂ ಸುತ್ತೋಲೆ ಕಳಿಸಿರಲಿಲ್ಲ.

ಎರಡು ದೇಶಗಳು ಎದುರಾಗುವಾಗ ರಾಷ್ಟ್ರಗೀತೆಗೆ ಒಂದು ಕೆಲಸವಿದೆ. ಬಂದವರು ಯಾರೆಂದು ಅದು ಹೇಳುತ್ತದೆ. ಭಾರತ ಮತ್ತು ಬಾಂಗ್ಲಾದೇಶ ಆಡುವಾಗಂತೂ ಎರಡು ಹಾಡೂ ಒಬ್ಬನೇ ಕವಿಯದು. ಆ ಐದು ನಿಮಿಷಕ್ಕಾಗಿಯೇ ನಾನು ಟಿವಿ ಬೇಗ ಹಾಕುತ್ತೇನೆ. ಆದರೆ ನಮ್ಮ ಗದ್ದೆಯಲ್ಲಿ ಆಡಿದ್ದು ಒಂದೇ ಪಂಚಾಯತಿನ ಎರಡು ವಾರ್ಡು. ಅಲ್ಲಿ ಅದು ಯಾರಿಗೆ ಯಾರನ್ನು ಪರಿಚಯಿಸುತ್ತದೆ? ಪುತ್ತೂರು, ವಿಟ್ಲದ ತಂಡಗಳೂ ಬಂದಿದ್ದವು, ನಿಜ. ಕಾಞಂಗಾಡಿನ ಕಡೆಯಿಂದ ಒಂದು ತಂಡ. ಅವರೆಲ್ಲರಿಗೂ ಬಾಯಿಪಾಠವಿದ್ದ ಹಾಡು ಅದೊಂದೇ ಇರಬೇಕು ಎಂದು ಆಗ ಹೊಳೆದು, ನನ್ನ ಪ್ರಶ್ನೆಯನ್ನು ಅರ್ಧ ನುಂಗಿಕೊಂಡೆ.

ಇನ್ನರ್ಧ ಹಾಗೆಯೇ ಇದೆ. ಗೆದ್ದ ಮೇಲೆ ಬರುವ ರಾಷ್ಟ್ರಗೀತೆಯನ್ನು ನೋಡಿ. 2008ರ ಆಗಸ್ಟ್ 11, ಬೀಜಿಂಗ್, ಅಭಿನವ್ ಬಿಂದ್ರಾ. ಒಲಿಂಪಿಕ್ಸಿನಲ್ಲಿ ಒಬ್ಬ ಭಾರತೀಯನ ವೈಯಕ್ತಿಕ ಚಿನ್ನಕ್ಕೆ ಮೊದಲ ಬಾರಿ ಆ ಹಾಡು ಬಂದ ದಿನ ನಾನು ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹತ್ತಿರದ ಒಂದು ಟಿವಿ ಅಂಗಡಿಯ ಗಾಜಿನ ಹೊರಗೆ ನಿಂತಿದ್ದೆ. ದನಿ ಕೇಳುತ್ತಿರಲಿಲ್ಲ, ಬಾವುಟ ಮೇಲೇರುವುದು ಕಾಣುತ್ತಿತ್ತು. ಗಾಜಿಗೆ ಮುಖ ಒತ್ತಿದ್ದ ನಾವು ಏಳೆಂಟು ಜನ ಯಾರೂ ಹೇಳದೆ ನೆಟ್ಟಗೆ ನಿಂತೆವು. 2018ರ ಜುಲೈಯಲ್ಲಿ ಫಿನ್ಲೆಂಡಿನಲ್ಲಿ ಇಪ್ಪತ್ತು ವರ್ಷದೊಳಗಿನವರ ವಿಶ್ವಕೂಟದಲ್ಲಿ 400 ಮೀಟರ್ ಗೆದ್ದ ಹಿಮಾ ದಾಸ್ ವೇದಿಕೆಯಲ್ಲಿ ಕಣ್ಣೀರು ಹರಿಸುತ್ತಾ ನಿಂತದ್ದನ್ನು ಎಲ್ಲರೂ ನೋಡಿದ್ದೀರಿ. ಅಸ್ಸಾಮಿನ ಗದ್ದೆಗಳ ನಡುವಿನಿಂದ ಬಂದ ಹುಡುಗಿ. ಅಸ್ಸಾಮಿನ ಹೆಸರೂ ಆ ಹಾಡಿನಲ್ಲಿಲ್ಲ. ಅಲ್ಲಿ ಹಾಡು ದಿನದ ಕೊನೆಯಲ್ಲಿ ಬರುತ್ತದೆ, ಮೈ ದಣಿದ ಮೇಲೆ. ನಮ್ಮ ಲಾಂಗ್ ಬೆಲ್ಲಿನ ಹಾಗೆ. ಮೊದಲೇ ಬರುವಾಗ ಅದು ಕಾರ್ಯಕ್ರಮ ಪಟ್ಟಿಯ ನಾಲ್ಕನೆಯ ಐಟಂ ಆಗುತ್ತದೆ, ಶಾಲಿಗೂ ಟಾಸಿಗೂ ನಡುವೆ.

ತಿರುಗಿ ನೋಡುವವರು

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನ ಕಣ್ಣು ಹೊಸತಲ್ಲ. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿತು. 2018ರ ಜನವರಿ 9ರಂದು ಕಡ್ಡಾಯವಲ್ಲ ಎಂದಿತು. ಆ ನಡುವಿನ ದಿನಗಳಲ್ಲಿ ಪರದೆಗಿಂತ ಪಕ್ಕದ ಕುರ್ಚಿಯನ್ನು ನೋಡುವ ಅಭ್ಯಾಸ ಬಹಳ ಜನರಿಗಾಯಿತು. ತಿರುವನಂತಪುರದ ಚಿತ್ರೋತ್ಸವದಲ್ಲಿ ಏಳದವರನ್ನು ಪೊಲೀಸರು ಹಿಡಿದರು. ಕೋರ್ಟಿನ ಆದೇಶಕ್ಕೂ ಮೊದಲೇ ಪಣಜಿಯಲ್ಲಿ ನಡೆಯಲಾಗದ ವ್ಯಕ್ತಿಯೊಬ್ಬರಿಗೆ, ಎದ್ದು ನಿಲ್ಲಲಿಲ್ಲವೆಂದು, ಹಿಂದಿನಿಂದ ಹೊಡೆತ ಬಿದ್ದಿತ್ತು. ನಮ್ಮ ಊರಿನಲ್ಲಿ ಈ ನೋಟಕ್ಕೆ ಇನ್ನೊಂದು ಮೊನೆಯೂ ಇದೆ. ಯಾರು ಎದ್ದರು ಎಂದು ನೋಡುವ ಕಣ್ಣು ಎದ್ದವನ ಟೊಪ್ಪಿಯನ್ನೂ ಕುಂಕುಮವನ್ನೂ ನೋಡುತ್ತದೆ. ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಇಲ್ಲಿಯವರಿಗಿಲ್ಲ. ಹುಡುಗ ಮಾವನನ್ನು "ಅಜ್ಜ" ಎಂದು ಕರೆದ. ಬೇರೆ ಹೆಸರಿನ ಅಜ್ಜನೊಬ್ಬ ಆ ಕುರ್ಚಿಯಲ್ಲಿದ್ದಿದ್ದರೆ ಏನೆಂದು ಕರೆಯುತ್ತಿದ್ದನೋ.

ತಿರುಗಿ ನೋಡುವ ಈ ರೋಗ ನಮ್ಮದು ಮಾತ್ರವೂ ಅಲ್ಲ. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನ ವೇದಿಕೆಯಲ್ಲಿ, ರಾಷ್ಟ್ರಗೀತೆಯ ಹೊತ್ತಿಗೆ, ವರ್ಣಭೇದವನ್ನು ವಿರೋಧಿಸಿ ತಲೆ ತಗ್ಗಿಸಿ ಮುಷ್ಟಿ ಎತ್ತಿದ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಅವರನ್ನು ಕೂಟದಿಂದಲೇ ಹೊರಗೆ ಕಳಿಸಿದರು. 2022ರಲ್ಲಿ ಕತಾರಿನ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಇರಾನಿನ ಆಟಗಾರರು ತಮ್ಮ ಮೊದಲ ಪಂದ್ಯದಲ್ಲಿ ತುಟಿ ಬಿಚ್ಚದೆ ನಿಂತರು. ಕ್ಯಾಮೆರಾ ಒಬ್ಬೊಬ್ಬರ ತುಟಿಯ ಮೇಲೂ ನಿಧಾನವಾಗಿ ಹೋಯಿತು. ಆಡಲು ಬಂದವನ ಕಾಲನ್ನು ಬಿಟ್ಟು ತುಟಿಯನ್ನು ನೋಡುವುದು ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಾತ್ರ.

ಕಾನೂನಿನ ಮಟ್ಟಿಗೆ ಕೇರಳವೇ ಇಡೀ ದೇಶಕ್ಕೆ ಪಾಠ ಹೇಳಿದೆ. 1985ರಲ್ಲಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮೂವರು ಮಕ್ಕಳನ್ನು, ಸಾಲಿನಲ್ಲಿ ಗೌರವದಿಂದ ನಿಲ್ಲುತ್ತಾರೆ ಆದರೆ ಹಾಡುವುದಿಲ್ಲ ಎಂಬ ಕಾರಣಕ್ಕೆ ಇಲ್ಲಿನ ಶಾಲೆಯೊಂದು ಹೊರಗೆ ಹಾಕಿತ್ತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು: ಹಾಡಲೇಬೇಕೆಂಬ ಕಾನೂನು ಇಲ್ಲ, ಎದ್ದು ನಿಲ್ಲುವುದೇ ಸಾಕಷ್ಟು ಗೌರವ. ನಾನು ಗೇರುಮರದ ಹಿಂದೆ ಅತ್ತದ್ದಕ್ಕೆ ಎರಡು ವರ್ಷ ಮೊದಲು. ಆ ಮಕ್ಕಳು ನಿಂತರು, ಹಾಡಲಿಲ್ಲ. ನನ್ನ ಮಾವ ಹಾಡಿದರು, ನಿಲ್ಲಲಿಲ್ಲ. ಎರಡನ್ನೂ ಮಾಡಿದ್ದೇನೆಂದು ಧೈರ್ಯದಿಂದ ಹೇಳುವವರು ಆ ಗದ್ದೆಯಲ್ಲಿ ಎಷ್ಟು ಜನರಿದ್ದರೋ. ನಾನಂತೂ ಚೀಲ ಹುಡುಕುತ್ತಿದ್ದೆ.

ರಿಹರ್ಸಲ್

ಈ ವರ್ಷ ಪಂದ್ಯಾಟದ ಸಮಿತಿಯ ಸಭೆಗೆ ನಾನೂ ಹೋದೆ, ಸಾವಿರ ರೂಪಾಯಿ ಚಂದಾ ಕೊಟ್ಟವನಿಗೆ ಮಾತನಾಡುವ ಹಕ್ಕಿರುತ್ತದೆ. ರಾಷ್ಟ್ರಗೀತೆಯನ್ನು ಕೊನೆಗೆ, ಬಹುಮಾನ ಕೊಟ್ಟ ಮೇಲೆ ಇಡೋಣ ಎಂದೆ. "ಫೈನಲ್ ಮುಗಿಯುವಾಗ ಬೆಳಗಿನ ಜಾವ ಮೂರು ಗಂಟೆ, ಯಾರಿರುತ್ತಾರೆ ಅಣ್ಣ?" ಎಂದ ಖಜಾಂಚಿ. ಇದ್ದವರು ಹಾಡಲಿ ಎಂದೆ. ಎಲ್ಲರೂ ನಕ್ಕರು. ಉದ್ಘಾಟಕರಿಗೆ ಅವಮಾನವಾಗುತ್ತದೆ, ವಿಡಿಯೋದಲ್ಲಿ ಜನ ಕಾಣುವುದಿಲ್ಲ ಎಂಬ ಮಾತುಗಳೂ ಬಂದವು. ಕೊನೆಗೆ ಒಂದು ರಾಜಿಯಾಯಿತು: ಶುರುವಿನಲ್ಲೇ ಇರಲಿ, ಆದರೆ ಮೊಬೈಲ್ ಬೇಡ, ಶಾಲೆಯ ಮಕ್ಕಳು ಹಾಡಲಿ. ಅವರು ಹಾಡುವ ಜವಾಬ್ದಾರಿ ನನ್ನ ತಲೆಗೆ.

ಹಿಂದಿನ ಶುಕ್ರವಾರ ಸಂಜೆ ರಿಹರ್ಸಲ್. ಹನ್ನೆರಡು ಹುಡುಗಿಯರು, ನಾಲ್ಕು ಹುಡುಗರು. ಅರ್ಧ ಕನ್ನಡ ಮಾಧ್ಯಮದವರು, ಅರ್ಧ ಮಲಯಾಳ ಮಾಧ್ಯಮದವರು. ಒಬ್ಬಳು ಶ್ರುತಿ ಹಿಡಿದಳು, ಚೆನ್ನಾಗಿಯೇ ಸಾಗಿತು, ಮಧ್ಯದಲ್ಲಿ ಎಡವಿತು. ನಾನು ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಎರಡು ಗುಂಪಿನವರೂ ನನ್ನತ್ತ ತಿರುಗಿ, "ಸರ್, ಯಾವುದು ಸರಿ?" ಎಂದರು. ಡ್ರಿಲ್ ಮಾಷ್ಟ್ರ ಜೊನೊ ಗೊನೊ ಮೊನೊ ನಾಲಗೆಯ ತುದಿಗೆ ಬಂತು. ನುಂಗಿದೆ. "ನಿಮಗೆ ಮನೆಯಲ್ಲಿ ಬರುವ ಹಾಗೆ ಹಾಡಿ" ಎಂದೆ. ಮತ್ತೆ ಹಾಡಿದರು. ಆ ಒಂದು ಪದದ ಹತ್ತಿರ ದನಿ ಸ್ವಲ್ಪ ಮಬ್ಬಾಯಿತು, ಆಮೇಲೆ ತಿಳಿಯಾಯಿತು. ಮಾವ ಜಗಲಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಕೊನೆಯ "ಜಯ ಹೇ" ಅರ್ಧದಲ್ಲಿದ್ದಾಗಲೇ ಹಿಂದಿನ ಸಾಲಿನ ನಾಲ್ವರು ಹುಡುಗರು ಇರಲಿಲ್ಲ. ಮೂಲೆಯಲ್ಲಿ ರಾಶಿ ಹಾಕಿದ್ದ ಚೀಲಗಳೂ ಇರಲಿಲ್ಲ.